ಸೋಮವಾರದ ತೊಕ್ಕು

ಸೂಪರ್ ಮಾರ್ಕೆಟ್ಟಿನವರು ಬೇರೆ ಯಾವ ದಿನವಾದರೂ ಬರಬಹುದಿತ್ತು. ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿ, ಸೋಮವಾರದ ದಿನವೇ, ಮಧ್ಯಾಹ್ನ ಬರುತ್ತೇವೆ ಎಂದುಬಿಟ್ಟರು.

ನಲ್ಲೂರಿನ ಲಕ್ಷ್ಮೀದೇವಮ್ಮ ಒಲೆಯ ಮುಂದೆ ಕುಸಿದು ಕೂತಳು. ಅವಳ ಹುಣಸೆ ತೊಕ್ಕು ಗಂಡನ ಟ್ಯಾಕ್ಸಿ ಹತ್ತಿ ಏರ್‌ಪೋರ್ಟಿನ ಕೆಲಸಗಾರರ ಊಟದ ಡಬ್ಬಿಗಳನ್ನು ತಲುಪಿ ವರ್ಷವಾಗಿತ್ತು. ಇನ್ನು ದೇವನಹಳ್ಳಿಯ ಆ ದೊಡ್ಡ ಅಂಗಡಿಯೊಂದೇ ಬಾಕಿ. ಅದಕ್ಕೆಂದೇ ಹದಿನಾರು ಸೋಮವಾರದ ಉಪವಾಸ ಹಿಡಿದಿದ್ದಳು. ಸಂಜೆ ದೀಪ ಹಚ್ಚುವವರೆಗೆ ಉಪ್ಪು, ಹುಳಿ ನಾಲಿಗೆಗೆ ಸೋಕುವಂತಿಲ್ಲ. ಮನೆಯಲ್ಲಿದ್ದ ತೊಕ್ಕೆಲ್ಲ ನಿನ್ನೆ ಮದುವೆ ಮನೆಯೊಂದಕ್ಕೆ ಹೋಗಿತ್ತು. ಹೊಸದಾಗಿ ಕುದಿಸಬೇಕು. ಆದರೆ ಅವಳ ಅಳತೆಯೆಲ್ಲ ನಾಲಿಗೆಯಲ್ಲೇ ಇತ್ತು, ಆ ನಾಲಿಗೆಗೆ ಇವತ್ತು ರಜ.

ಅಂದಾಜಿನ ಮೇಲೆ ಕುದಿಸಿ, ರುಚಿ ನೋಡಲು ಪಕ್ಕದ ಮನೆ ಪಾಪಮ್ಮನನ್ನು ಕೂಗಿದಳು. ಪಾಪಮ್ಮ ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿದಳು.

"ಥೂ, ಸಪ್ಪೆ ಕಣೇ!" ಎಂದು, ಕೇಳದೆಯೇ ಹಿಡಿ ಉಪ್ಪು ಸುರಿದಳು.

ಘಮಲು ಹಿಡಿದು ಎದುರು ಮನೆ ಸಪ್ಪಲಮ್ಮ ಬಂದಳು. "ಅಯ್ಯೋ ಲಕ್ಷ್ಮಕ್ಕಾ, ಇದೇನು ಉಪ್ಪಿನ ಮೂಟೆನಾ?" ಅರ್ಧ ಅಚ್ಚು ಬೆಲ್ಲ ಬಾಣಲೆಗೆ ಬಿತ್ತು.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಾವ ಮುನಿರಾಮಯ್ಯನೂ ಒಳಬಂದ. "ಏನವ್ವಾ, ತೊಕ್ಕೋ ಪಾಯಸಾನೋ?"

"ಮಾವ, ಬೇಡ, ಬೇ..."

ಅಷ್ಟರಲ್ಲಿ ಖಾರದಪುಡಿ ಡಬ್ಬಿ ಅರ್ಧ ಖಾಲಿಯಾಗಿತ್ತು. ಮೂವರೂ ಜಗಳಕ್ಕೆ ನಿಂತರು. ಲಕ್ಷ್ಮೀದೇವಮ್ಮ ಬಿಡಿಸಲು ಹೋದಳು. ತಳ ಸೀಯಿತು.

ಹೊರಗೆ ಕಾರು ನಿಂತಿತು. ಸೂಪರ್ ಮಾರ್ಕೆಟ್ಟಿನ ಶ್ರೀಧರ್ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. ಲಕ್ಷ್ಮೀದೇವಮ್ಮ ಹಲ್ಲು ಕೀಳಿಸಿಕೊಳ್ಳುವವಳಂತೆ ಬಾಗಿಲ ಕಂಬ ಹಿಡಿದು ನಿಂತಳು.

ಅವನು ಎರಡನೇ ಚಮಚ ತೆಗೆದುಕೊಂಡ. ಮೂರನೆಯದನ್ನೂ.

"ಏನಮ್ಮಾ ಇದು! ಆ ಸೀದ ವಾಸನೇನೂ ಸೇರಿ... ಇಂಥದ್ದು ನಾನು ತಿಂದೇ ಇಲ್ಲ. ತಿಂಗಳಿಗೆ ಐನೂರು ಬಾಟ್ಲಿ ಕೊಡಿ. ಮೊದಲನೇ ಲೋಡು ಬುಧವಾರ. ಒಂದೇ ಮಾತು: ಇದೇ ರುಚಿ ಇರ್ಬೇಕು. ಚೂರು ಬದಲಾದ್ರೂ ವಾಪಸ್ಸು."

ಇದ್ದ ತೊಕ್ಕನ್ನೆಲ್ಲ ಬಾಟಲಿಗೆ ತುಂಬಿಸಿಕೊಂಡು ಹೋದ. ಬಾಣಲೆಯ ತಳದಲ್ಲಿ ಅಂಟಿದ್ದಷ್ಟೇ ಉಳಿಯಿತು. ಅಷ್ಟು ಸಾಕು, ಸಂಜೆ ರುಚಿ ನೋಡಿ ಅಳತೆ ಹಿಡಿದುಬಿಡುತ್ತೇನೆ ಎಂದುಕೊಂಡು ಲಕ್ಷ್ಮೀದೇವಮ್ಮ ಹಗುರವಾಗಿ ಸ್ನಾನಕ್ಕೆ ಹೋದಳು.

ಸಂಜೆ ದೇವರ ಮುಂದಿನ ಹಿತ್ತಾಳೆ ದೀಪ ಎಂದೂ ಇಲ್ಲದಷ್ಟು ಹೊಳೆಯುತ್ತಿತ್ತು. ಹಚ್ಚಿ, ಕೈ ಮುಗಿದು, ಬೆರಳು ಚಾಚಿಕೊಂಡೇ ಅಡುಗೆಮನೆಗೆ ಓಡಿದಳು. ಬಾಣಲೆಯೂ ಹೊಳೆಯುತ್ತಿತ್ತು.

"ಸುಸ್ತಾಗಿದ್ಯಲ್ಲಕ್ಕಾ ಅಂತ ನಾನೇ ತಿಕ್ಕಿಟ್ಟೆ," ಎಂದಳು ಸಪ್ಪಲಮ್ಮ. "ತಳದಲ್ಲಿದ್ದ ಹುಳೀಲಿ ದೀಪಾನೂ ಬೆಳಗಿಬಿಟ್ಟೆ."

ಲಕ್ಷ್ಮೀದೇವಮ್ಮ ಬಾಣಲೆಯನ್ನು ನೋಡಿದಳು. ಅದರಲ್ಲಿ ಅವಳ ಮುಖವೇ ಕಂಡಿತು. ನಗುವೂ ಬಂತು. ಹೋಗಲಿ, ಹಾಕಿದ ಕೈಗಳಾದರೂ ಪಕ್ಕದಲ್ಲೇ ಇವೆಯಲ್ಲ! ಮೂವರನ್ನೂ ಕೂರಿಸಿ ಕಾಫಿ ಕೊಟ್ಟಳು.

"ನಾಳೆ ಬೆಳಿಗ್ಗೇನೇ ಬಂದ್ಬಿಡಿ. ಇವತ್ತಿನ ಥರಾನೇ ರುಚಿ ನೋಡಿ, ಜಗಳ ಆಡಿ, ಕೈಗೆ ಬಂದಷ್ಟು ಹಾಕಿ. ನಾನು ಬಾಯಿ ಬಿಡಲ್ಲ."

ಮೂವರೂ ಮುಖ ಮುಖ ನೋಡಿಕೊಂಡರು.

"ಹಾಕೋದೇನೋ ಹಾಕ್ತೀವಿ ಕಣೇ," ಎಂದಳು ಪಾಪಮ್ಮ, ಮೆಲ್ಲಗೆ. "ರುಚಿ ನೋಡೋಕೆ ಮಾತ್ರ ಆಗಲ್ಲ. ನಿನ್ನ ಉಪವಾಸಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದು ನೋಡಿ, ನಾವು ಮೂರು ಜನಾನೂ ನಾಳೆಯಿಂದ್ಲೇ ಹದಿನಾರು ದಿನ ಇದೇ ಉಪವಾಸ ಹಿಡಿದಿದ್ದೀವಿ!"