ಎಪ್ಪತ್ತೊಂದನೇ ನಂಬರಿನ ಮಗು

ಟಾನ್ ಯೌಲಿನ್‌ನ ಹೆಬ್ಬೆರಳು ಜಾರಿದ್ದು ಬೆಳಿಗ್ಗೆ ಎಂಟೂವರೆಗೆ, ಚೀನಾದ ಚಾಂಗ್‌ಶಾ ನಗರದ ಮೆಟ್ರೋದಲ್ಲಿ, ಜಾಡಿಯೊಳಗಿನ ಮೂಲಂಗಿ ಉಪ್ಪಿನಕಾಯಿಯಂತೆ ಜನ ಒತ್ತಿ ನಿಂತಿದ್ದಾಗ.

ಅವನು ಕೆಲಸ ಮಾಡುತ್ತಿದ್ದದ್ದು ಕೊಡೆ ಕಂಪನಿಯಲ್ಲಿ. ಅಲ್ಲಿನ ಮ್ಯಾನೇಜರ್ ಫೂ ಅವರ ಆರು ವರ್ಷದ ಮಗಳು ಪುಟಾಣಿ ಚಿತ್ರಕಾರರ ಆನ್‌ಲೈನ್ ಸ್ಪರ್ಧೆಯಲ್ಲಿದ್ದಳು. ನಂಬರು ಎಪ್ಪತ್ತೊಂದು. ಸಿಬ್ಬಂದಿಯೆಲ್ಲ ಅವಳಿಗೆ ವೋಟು ಒತ್ತಿ, ಸಾಕ್ಷಿಗೆ ಸ್ಕ್ರೀನ್‌ಶಾಟನ್ನು ಆಫೀಸಿನ ಗ್ರೂಪಿಗೆ ಹಾಕಬೇಕು. ಯೌಲಿನ್ ಒತ್ತಿದ, ಹಾಕಿದ. ಆಮೇಲೆ ನೋಡಿದರೆ ವೋಟು ಬಿದ್ದದ್ದು ಹದಿನೇಳಕ್ಕೆ.

ಆಫೀಸಿನಲ್ಲಿ ಪಕ್ಕದ ಮೇಜಿನ ಶಿಯೊಂಗ್ ಅಕ್ಕ ಕಾದು ಕೂತಿದ್ದಳು.

"ಧೈರ್ಯ ಕಣೋ ನಿಂಗೆ. ಈ ತಿಂಗಳು ಇಬ್ಬರನ್ನ ಕೆಲಸದಿಂದ ತೆಗೀತಾರೆ, ಗೊತ್ತಲ್ವಾ?"

"ಕೈ ಜಾರಿತು ಅಕ್ಕ. ವಾಪಸ್ ತಗೊಳ್ಳೋಕಾಗಲ್ವಾ?"

"ಒಂದು ಫೋನಿಗೆ ಒಂದೇ ವೋಟು. ಸಾಹೇಬ್ರು ನೋಡಿದಾರೆ. ಏನೂ ಬರೆದಿಲ್ಲ, ಒಂದು ನಗುಮುಖ ಹಾಕಿದಾರೆ ಅಷ್ಟೆ."

ಯೌಲಿನ್ ಗ್ರೂಪು ತೆರೆದು ಆ ನಗುಮುಖ ನೋಡಿದ. ಬೈದಿದ್ದರೆ ಎಷ್ಟೋ ವಾಸಿ. ಮೇಲಿನವರು ನಗುಮುಖ ಕಳಿಸಿದರೆ ಉಳಿಗಾಲವಿಲ್ಲ.

ಮಧ್ಯಾಹ್ನ ಊಟ ಬಿಟ್ಟು, ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿದ.

"ಅಮ್ಮ, ನಿನ್ನ ಡ್ಯಾನ್ಸ್ ಗುಂಪಿನೋರಿಗೆಲ್ಲ ಹೇಳು. ಚಿತ್ರ ಸ್ಪರ್ಧೆಯದೊಂದು ಲಿಂಕು ಕಳಿಸ್ತೀನಿ, ಎಪ್ಪತ್ತೊಂದನೇ ನಂಬರಿನ ಮಗೂಗೆ ವೋಟು ಒತ್ತಬೇಕು."

"ಯಾರ ಮಗು? ನಿಂದಾ?" ಅಮ್ಮನ ದನಿಯಲ್ಲಿ ಆಸೆ ಇಣುಕಿತು. ಮಗನಿಗಿನ್ನೂ ಮದುವೆಯಾಗಿರಲಿಲ್ಲ.

"ನನ್ನ ಕೆಲಸ ಉಳಿಸೋ ಮಗು ಅಂತ ತಿಳ್ಕೋ."

ಊರ ಚೌಕದಲ್ಲಿ ದಿನಾ ಸಂಜೆ ಕುಣಿಯುವ ಹೆಂಗಸರು ತಮ್ಮ ಸೊಸೆಯರಿಗೆ ಹೇಳಿದರು, ಸೊಸೆಯರು ತವರಿಗೆ ಹೇಳಿದರು, ಮಾಹ್‌ಜಾಂಗ್ ಆಡುವ ಮುದುಕರೂ ಕನ್ನಡಕ ಹುಡುಕಿಕೊಂಡು ಒತ್ತಿದರು. ನಾಲ್ಕು ಗಂಟೆಯ ಹೊತ್ತಿಗೆ ಎಪ್ಪತ್ತೊಂದಕ್ಕೆ ಒಂಬತ್ತು ಸಾವಿರ ದಾಟಿತ್ತು. ಯೌಲಿನ್ ಅಂದು ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟ.

ಐದಕ್ಕೆ ಫೂ ಕರೆಸಿದರು. ತಲೆ ಬಾಚಿಕೊಂಡು, ವಿನಯದ ಮುಖ ಮಾಡಿಕೊಂಡು ಹೋದ. ಸಾಹೇಬರ ಮುಖ ಬೇಯಿಸಿದ ಬದನೆಕಾಯಿಯಂತಿತ್ತು.

"ನನ್ನ ಮಗಳು ಬೆಳಿಗ್ಗೆಯಿಂದ ಮೊದಲನೇ ಸ್ಥಾನದಲ್ಲೇ ಇದ್ದಳು. ಮಧ್ಯಾಹ್ನ ಯಾರೋ ಒಂದೇ ತಾಲೂಕಿಂದ ಅವಳಿಗೆ ಎಂಟು ಸಾವಿರ ವೋಟು ಸುರಿಸಿದಾರೆ. ದುಡ್ಡು ಕೊಟ್ಟು ಹಾಕಿಸಿದ್ದು ಅಂತ ಸ್ಪರ್ಧೆಯೋರು ಅವಳ ಹೆಸರನ್ನೇ ಕಿತ್ತುಹಾಕಿದ್ರು. ಮಗು ಊಟ ಮುಟ್ತಿಲ್ಲ."

ಯೌಲಿನ್‌ನ ವಿನಯ ಮುಖದಲ್ಲೇ ಅಂಟಿಕೊಂಡಿತು.

"ಅದು ನಿಮ್ಮ ಕಡೆ ತಾಲೂಕು. ಅಲ್ಲಿ ನಿಂಗೆ ನಾಲ್ಕು ಜನ ಗೊತ್ತಿರ್ತಾರೆ. ಇದನ್ನ ಮಾಡಿಸಿದ್ದು ಯಾರು ಅಂತ ಪತ್ತೆ ಮಾಡು. ನಾಳೆ ಬೆಳಿಗ್ಗೆ ಹೆಸರು ನನ್ನ ಮೇಜಿನ ಮೇಲಿರಬೇಕು."

ಹೊರಗೆ ಬಂದಾಗ ಫೋನಿನಲ್ಲಿ ಅಮ್ಮನ ಸಂದೇಶ ಕಾದಿತ್ತು. "ಊರವರೆಲ್ಲ ಇದನ್ನ ಮಾಡಿಸ್ತಿರೋದು ಯಾರು ಅಂತ ಕೇಳಿದ್ರು ಮಗಾ. ಒಬ್ಬರನ್ನೂ ಬಿಡದೆ ನಿನ್ನ ಹೆಸರು ಹೇಳಿದೀನಿ."