ಮುಚ್ಚಿಹೋದ ಕೋರ್ಟಿನ ಇತಿಹಾಸಕಾರ

ನನ್ನ ಸೋದರಮಾವನ ಮೇಲೆ ಒಂದೇ ಒಂದು ಕೇಸು ಇರಲಿಲ್ಲ. ಅವರೂ ಯಾರ ಮೇಲೂ ಕೇಸು ಹಾಕಿದವರಲ್ಲ. ಆದರೂ ಅರ್ಧ ಆಯುಷ್ಯವನ್ನು ಕೋರ್ಟಿನಲ್ಲೇ ಕಳೆದ ಮಹಾನುಭಾವರು ಅವರು!

ನಾಗಮಂಗಲದ ಕಡೆಯ ನಮ್ಮ ಪುಟ್ಟ ಊರಿನಲ್ಲಿ ಆಗ ಒಂದು ಮುನ್ಸೀಫ್ ಕೋರ್ಟಿತ್ತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಎಮ್ಮೆಗಳಿಗೆ ಮೇವು ಕೊಟ್ಟು, ಒಗೆದ ಪಂಚೆ ಉಟ್ಟು ಹೊರಟರೆಂದರೆ ಮಾವ ನೇರ ಅಲ್ಲಿಗೇ. ಹಿಂದಿನ ಬೆಂಚಿನಲ್ಲಿ ಕೂತು ಸಂಜೆಯವರೆಗೆ ವಾದ ಕೇಳುವುದು, ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಯಾವ ಕೇಸು, ಯಾರು ಗೆದ್ದರು, ಯಾವ ವಕೀಲರು ಎಷ್ಟು ಸಲ ಕೆಮ್ಮಿದರು, ಒಂದನ್ನೂ ಬಿಡುವಂತಿಲ್ಲ!

ತೊಂಬತ್ತರ ದಶಕದ ಶುರುವಿನಲ್ಲಿ ಆ ಕೋರ್ಟನ್ನು ಮುಚ್ಚಿ ತಾಲ್ಲೂಕು ಕೇಂದ್ರದ ಕೋರ್ಟಿಗೆ ಸೇರಿಸಿದರು. ಫೈಲುಗಳು ಲಾರಿ ಹತ್ತಿದ ದಿನ ಮಾವ ಊಟ ಮುಟ್ಟಲಿಲ್ಲ. ಅತ್ತೆ ತಟ್ಟೆ ಎತ್ತುತ್ತಾ, "ನಮ್ಮಪ್ಪ ಸತ್ತಾಗ್ಲೂ ನೀವು ಇಂಗೆ ಉಪಾಸ ಕೂತಿರ್ನಿಲ್ಲ ಬುಡಿ" ಎಂದರು.

ಮರುದಿನವೇ ಘೋಷಣೆ: ಕೋರ್ಟಿನ ಪೂರ್ತಿ ಇತಿಹಾಸ ಬರೆಯಬೇಕು! ಮೊದಲ ಸಾಕ್ಷಿ, ಹಿಂದೆ ಅಲ್ಲಿ ಜಡ್ಜ್ ಆಗಿದ್ದು ಈಗ ಹೊಳೆದಡದ ಗಂಜಾಂನಲ್ಲಿ ನೆಲೆಸಿದ್ದ ನಿವೃತ್ತ ಮುನ್ಸೀಫರು. ನನ್ನನ್ನೂ ಎಳೆದುಕೊಂಡು ಹೋದರು. ಮುನ್ಸೀಫರು ಕಾವೇರಿಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದರು. ಮಾವ ಸ್ನಾನಘಟ್ಟದ ಮೆಟ್ಟಿಲ ಮೇಲಿಂದಲೇ ವಿಚಾರಣೆ ಶುರು ಮಾಡಿಬಿಟ್ಟರು.

"ಸ್ವಾಮಿ, ತಾವಿದ್ದಾಗ ಕೋರ್ಟ್‌ನಾಗೆ ಫ್ಯಾನು ಎಡಕ್ಕೆ ತಿರುಗ್ತಿತ್ತೋ, ಬಲಕ್ಕೋ?"

"ಫ್ಯಾನೇ ಇರಲಿಲ್ಲವಲ್ಲಯ್ಯಾ!"

"ಸರಿಯಾಗೇಳುದ್ರಿ. ಪರೀಕ್ಷೆ ಮಾಡ್ದೆ. ಇತ್ತು ಅಂತ ಸುಳ್ಸಾಕ್ಷಿ ಏಳೋರೂ ಅವ್ರೆ!"

ವರ್ಷಗಟ್ಟಲೆ ಊರವರನ್ನು ಕಟಕಟೆಯಲ್ಲಿ ನಿಲ್ಲಿಸಿದ್ದವರು ಅಂದು ಒದ್ದೆ ಟವೆಲಿನಲ್ಲಿ ನಿಂತು ಸಾಕ್ಷಿ ಹೇಳಿದರು. ಕೊನೆಗೆ, "ನಾನಿನ್ನು ಹೋಗಬಹುದೇ?" ಎಂದು ಮಾವನ ಅಪ್ಪಣೆಯನ್ನೇ ಕೇಳಿದರು!

ಊರೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ನಗು ನಿಂತದ್ದು ಪಾಂಡವಪುರ ರಸ್ತೆಯ ಹಳ್ಳಿಯಿಂದ ಒಬ್ಬ ಮುದುಕಿ ಮಾವನನ್ನು ಹುಡುಕಿಕೊಂಡು ಬಂದ ದಿನ. ಆಕೆಯ ಮನೆಗಿದ್ದ ಒಂದೇ ದಾರಿಗೆ ಪಕ್ಕದ ಜಮೀನಿನವನು ಬೇಲಿ ಹಾಕಿದ್ದ. ಹಿಂದೆ ಅದೇ ದಾರಿಗಾಗಿ ನಮ್ಮ ಕೋರ್ಟಿನಲ್ಲಿ ಆಕೆ ಗೆದ್ದಿದ್ದಳು. ಆದರೆ ತೀರ್ಪಿನ ಪ್ರತಿಯನ್ನು ಗೆದ್ದಲು ತಿಂದಿತ್ತು. ಫೈಲು ಸಾಗಣೆಯಲ್ಲಿ ಎಲ್ಲೋ ಕಳೆದುಹೋಗಿತ್ತು.

"ಕಾಗ್ದ ಇದ್ರೆ ತೋರ್ಸು ಅಂತಾನೆ ಕಣಪ್ಪಾ. ನಾನು ಸತ್ರೆ ಎಣಾನೂ ಬೇಲಿ ಮ್ಯಾಲೇ ದಾಟಿಸ್ಬೇಕು" ಎಂದು ಅತ್ತಳು.

ಮಾವ ನೋಟ್‌ಬುಕ್ಕುಗಳನ್ನು ತಿರುವಿದರು. "ಸಿಕ್ತು! ನಿನ್ ತೀರ್ಪಿನ್ ದಿನ ಕೋರ್ಟ್‌ಗೆ ಕೋತಿ ನುಗ್ಗಿತ್ತು ಕಣವ್ವ. ಎದುರುಪಾರ್ಟಿ ವಕೀಲ್ರ ಗುಮಾಸ್ತ ಕೆ.ಆರ್. ಪೇಟೆಯೋನು. ಅವ್ನೂ ಒಂದು ನಕಲು ತಕಂಡವ್ನೆ!"

ಕೆ.ಆರ್. ಪೇಟೆಗೆ ಹೋದೆವು. ಗುಮಾಸ್ತರ ಟ್ರಂಕಿನಲ್ಲಿ ಕೋರ್ಟಿನ ಮೊಹರಿದ್ದ ನಕಲು ಭದ್ರವಾಗಿತ್ತು. ಆದರೆ ಅವರು, "ನಾನು ಸೋತ ಕಡೆಯೋನು. ಇದ್ನ ಯಾಕೆ ಕೊಡ್ಲಿ?" ಎಂದು ಮುಖ ತಿರುಗಿಸಿದರು.

"ಕೊಟ್ರೆ ನಿಮ್ ಎಸ್ರು ಇತಿಹಾಸದಾಗೆ ಬರೀತೀನಿ."

ಗುಮಾಸ್ತರು ನಕಲನ್ನೂ ಕೊಟ್ಟರು, ತಮ್ಮ ಫೋಟೋವನ್ನೂ ಕೊಟ್ಟರು!

ಮೊಹರು ಕಂಡದ್ದೇ ತಡ, ಬೇಲಿ ಹಾಕಿದವನೇ ಮುಳ್ಳು ಕಿತ್ತ. ಮುದುಕಿ ಮಾವನ ಕೈಹಿಡಿದು ಆ ದಾರಿಯುದ್ದಕ್ಕೂ ನಡೆಸಿಕೊಂಡು ಹೋಗಿ, ಮನೆಯೊಳಗೆ ಕೂರಿಸಿ ಮಜ್ಜಿಗೆ ಕೊಟ್ಟಳು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, "ಮಾವ, ನಿಮಗೆ ಈ ಕೋರ್ಟಿನ ಹುಚ್ಚು ಹಿಡಿದದ್ದು ಹೇಗೆ?"

ಏನೋ ತಮಾಷೆಯ ಉತ್ತರ ಬರುತ್ತದೆಂದು ಕಾದೆ. ಮಾವ ಕಿಟಕಿಯಾಚೆ ನೋಡುತ್ತಾ ಹೇಳಿದರು:

"ನಮ್ಮಪ್ಪ ತೀರ್ಕಂಡ್ ಮೇಲೆ ದಾಯಾದಿಗಳು ಜಮೀನು ಕೊಡ್ನಿಲ್ಲ. ನಿಮ್ಮಜ್ಜಿ ನನ್ ಕೈ ಇಡ್ಕಂಡು ಕೋರ್ಟ್‌ಗೆ ಬಂದ್ಲು. ಮನೇಲಿ ಅವ್ಳನ್ನ ಎಲ್ರೂ 'ಏ, ಬಾ ಇಲ್ಲಿ' ಅನ್ನೋರು, ಇಲ್ಲಾಂದ್ರೆ ಮುಂಡೆ ಅನ್ನೋರು. ಅವತ್ತು ಕೋರ್ಟ್ ಜವಾನ ಬಾಗ್ಲಿಗೆ ಬಂದು 'ಚಿಕ್ಕತಾಯಮ್ಮಾ' ಅಂತ ಗಟ್ಟಿಯಾಗಿ ಕೂಗ್ದ. ನಮ್ಮವ್ವ ಬ್ಯಾರೆ ಯಾರ್ನೋ ಕೂಗ್ತಾವ್ರೆ ಅಂತ ಇಂದಕ್ ತಿರುಗಿ ನೋಡುದ್ಲು ಕಣ್ಲಾ..."

ಅಜ್ಜಿ ಎಂದಷ್ಟೇ ಕರೆದು ಬೆಳೆದ ನನಗೂ ಆಕೆಯ ಹೆಸರು ಗೊತ್ತಾದದ್ದು ಆ ಬಸ್ಸಿನಲ್ಲೇ.