ಕೌನ್ಸೆಲಿಂಗ್‌ಗೆ ಬಂದ ಸೋದರತ್ತೆ

ನನ್ನ ಸೋದರತ್ತೆಯ ಬಾಯಿಗೆ ಬೀಗವಿಲ್ಲವೆಂದು ಇಡೀ ಲೊಕ್ಕನಹಳ್ಳಿಗೇ ಗೊತ್ತು. ಹುಲ್ಲು ಹಾಕುವಾಗ ಎಮ್ಮೆಯ ಜೊತೆಗೂ ಜಗಳವಾಡುವವಳು, ಸೋಲುವುದು ಎಮ್ಮೆಯೇ! ಅಂಥವಳು, ನಾನು ಐದನೇ ತಿಂಗಳಲ್ಲಿ ಗರ್ಭಪಾತ ಮಾಡಿಸಿಕೊಂಡ ಮೇಲೆ, ಧನಗೆರೆಯ ನಮ್ಮ ಮನೆಗೆ ಬಂದು ಝಾಂಡಾ ಊರಿದಳು.

ಮಗುವಿನ ತಲೆಬುರುಡೆ ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಎಂದು ಸ್ಕ್ಯಾನಿಂಗ್ ಮಾಡಿದವರು ಹೇಳಿದ್ದರು. ಕಾಗದಕ್ಕೆ ಸಹಿ ಹಾಕಿದ್ದು ನಾನೇ. ಆಮೇಲೆ ಊಟ, ನಿದ್ದೆ, ಮಾತು ಯಾವುದೂ ಬೇಡವಾಯಿತು.

ಬಂದ ದಿನವೇ ಅತ್ತೆ ಬಚ್ಚಲುಮನೆಯ ಒಳಚಿಲಕ ಕಿತ್ತುಹಾಕಿದಳು. "ತುಕ್ಕು ಇಡ್ದಿತ್ತು ಕಣವ್ವ" ಅಂದಳು. ಹೊಸ ಚಿಲಕಕ್ಕೆ ತುಕ್ಕು ಹಿಡಿಯುವುದುಂಟೆ? ನಾನು ಸ್ನಾನಕ್ಕೆ ಹೋದರೆ ಬಾಗಿಲಾಚೆ ಕೂತು, ಯಾರ ಮದುವೆಯಲ್ಲಿ ಏನೇನು ಬಡಿಸಿದರೆಂದು ಒದರುವಳು. ನಾನು 'ಊಂ' ಅನ್ನುವುದು ಕೊಂಚ ತಡವಾದರೂ ಬಾಗಿಲು ತಳ್ಳಿಯೇಬಿಡುವಳು.

ಕೊನೆಗೆ ಕೊಳ್ಳೇಗಾಲದ ಆಸ್ಪತ್ರೆಯೊಂದರ ಕೌನ್ಸೆಲರ್ ಬಳಿಗೆ ಅವಳೇ ನನ್ನನ್ನು ಎಳೆದುಕೊಂಡು ಹೋದಳು. "ನಿದ್ದೆ ಬರುತ್ತಾ?" ಎಂದು ಆಕೆ ನನ್ನನ್ನು ಕೇಳಿದರೆ, ಉತ್ತರ ಅತ್ತೆಯದು. "ಇವ್ಳಿಗೆಲ್ಲಿ ಬತ್ತದೆ ಮೇಡಮ್ಮೋರೆ, ಇವ್ಳ ಕಾದು ಕಾದು ನಂಗೇ ಬರಾಕಿಲ್ಲ."

"ಅಮ್ಮಾ, ಅವರೇ ಹೇಳಲಿ."

"ಏಳ್ಲಿ, ನಾನೇನ್ ಬಾಯಿ ಇಡ್ಕಂಡಿದ್ದೀನಾ?" ಎಂದವಳು, ಮುಂದಿನ ಪ್ರಶ್ನೆಗೂ ತಾನೇ ಉತ್ತರಿಸಿದಳು.

ಮನಸ್ಸು ಕೊರೆಯುವ ಮಾತನ್ನು ಎಡಪುಟದಲ್ಲಿ, ಅದು ನಿಜವೇ ಎಂದು ಯೋಚಿಸಿ ಬಲಪುಟದಲ್ಲಿ ಬರೆಯಲು ಹೇಳಿ ಕೌನ್ಸೆಲರ್ ಒಂದು ನೋಟ್‌ಬುಕ್ ಕೊಟ್ಟರು. ಅತ್ತೆಗೆ ಓದು ಬಾರದು. ನಾಲ್ಕನೇ ದಿನ ಹಠ ಹಿಡಿದಳು. "ಅದೇನ್ ಗೀಚಿದ್ದೀಯೋ, ಓದು."

"ನನ್ನ ಮಗುವನ್ನು ನಾನೇ ಕೊಂದೆ" ಎಂದು ಓದಿದೆ. ಬಲಪುಟ ಖಾಲಿಯಿತ್ತು.

ಅತ್ತೆ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೈಯುತ್ತಾಳೆಂದುಕೊಂಡೆ. ಖಾಲಿ ಪುಟದ ಮೇಲೆ ಬೆರಳಿಟ್ಟು, "ಈ ಕಡೀಕೆ ಬರ್ಕೋ. ಮಗೀಗೆ ನೋವಾಗ್ದಂಗೆ ಕಳ್ಸಿಕೊಟ್ಟೆ ಅಂತ. ಅವ್ವ ಅಂದ್ಮೇಲೆ ಅದ್ನೂ ಮಾಡ್ಬೇಕಾಯ್ತದೆ" ಅಂದಳು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಮೊದಲ ಸಲ ಬಾಯಿಬಿಟ್ಟು ಅತ್ತದ್ದು ಅಂದೇ.

ವಾರ ವಾರವೂ ಹೋದೆವು. ಮೆಲ್ಲಗೆ ನನಗೆ ಮಾತು ಬಂತು, ಅನ್ನ ರುಚಿಸಿತು. ಇನ್ನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದು ಕೌನ್ಸೆಲರ್ ಹೇಳಿದ ದಿನ ನಾನು ಎದ್ದರೂ ಅತ್ತೆ ಏಳಲಿಲ್ಲ.

"ಮೇಡಮ್ಮೋರೆ, ನಲವತ್ ವರ್ಸದ್ದಾದ್ರೂ ಕೇಳೀರಾ?" ಎಂದಳು. ಧ್ವನಿ ಅವಳದೆನಿಸಲಿಲ್ಲ. "ನಂಗೂ ಒಂದು ತೆಗ್ಸಿದ್ರು. ಗಂಡನ ಮನೇರು. ನನ್ನ ಯಾರೂ ಕೇಳ್ನಿಲ್ಲ. ಎಣ್ಮಗ. ಮನಸ್ನಾಗೇ ಎಸ್ರೂ ಮಡಗಿದ್ದೆ."

ಕೌನ್ಸೆಲರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಏನು ಹೆಸರು ಎಂದು ಕೇಳಿದರು.

ಅತ್ತೆ ಹೇಳಿದಳು. ನನ್ನ ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆಯಾಗಿ ಅವಳು ನನ್ನ ಕಿವಿಯಲ್ಲಿ ಉಸುರಿದ್ದೂ ಅದೇ ಹೆಸರು.